ಮಾದಪ್ಪನ ಫೋಟೋ ಹಿಂದಿನ ಬಿಲ್ಲೆ

ಮಂಡ್ಯದಲ್ಲಿ ನನ್ನದು ಫೋಟೋಗೆ ಕಟ್ಟು ಹಾಕುವ ಅಂಗಡಿ. ಅಪ್ಪನ ಕಾಲದ್ದು. ಗೃಹಪ್ರವೇಶಕ್ಕೆ ದೇವರ ಫೋಟೋ, ತಿಥಿಗೆ ಹಿರಿಯರ ಫೋಟೋ, ಇವೆರಡರಲ್ಲೇ ನಮ್ಮ ಸಂಸಾರ ನಡೆದಿದೆ. ಹೋದ ಆಗಸ್ಟ್‌ನಲ್ಲಿ ಯಾರೋ ಪುಣ್ಯಾತ್ಮರು ನನ್ನ ಬಗ್ಗೆ ‘ಯೋಧನ ಶೌರ್ಯ ಪದಕ ಮರಳಿಸಿದ ವ್ಯಾಪಾರಿ’ ಅಂತ ವಾಟ್ಸಾಪ್‌ಗೆ ಹಾಕಿದರು. ಅದು ಊರೆಲ್ಲ ಸುತ್ತಿ ನನ್ನ ಫೋನಿಗೇ ವಾಪಸ್ ಬಂತು. ಅದರಲ್ಲಿ ಎರಡು ತಪ್ಪಿದೆ. ಅದು ಶೌರ್ಯ ಪದಕ ಅಲ್ಲ. ಮತ್ತೆ, ಕೊಟ್ಟು ಬಂದದ್ದು ಅವರು ಬರೆದಷ್ಟು ಖುಷಿಯ ಕತೆಯೂ ಅಲ್ಲ. ಅದಕ್ಕೇ ನಾನೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ಬೇಜಾರಾಗಬೇಡಿ.

ಹಳೇ ದೇವರ ಫೋಟೋ ಒಡೆದರೆ ನಮ್ಮ ಕಡೆ ಯಾರೂ ಗುಜರಿಗೆ ಹಾಕಲ್ಲ. ಅರಳಿಕಟ್ಟೆ ಮೇಲೆ ಇಟ್ಟು ಕೈ ಮುಗಿದು ಬರುತ್ತಾರೆ. ಆಮೇಲೆ ಅದು ಎಲ್ಲಿಗೆ ಹೋಯಿತು ಅಂತ ಯಾರೂ ಕೇಳಲ್ಲ. ಹೋಗುವುದು ಗುಜರಿಗೇ. ಗುಜರಿಯವನು ಗಾಜು ಬೇರೆ, ರಟ್ಟು ಬೇರೆ ಮಾಡಿ, ಸಾಗುವಾನಿ ಕಟ್ಟು ಇದ್ದರೆ ನನ್ನ ಅಂಗಡಿಗೆ ತರುತ್ತಾನೆ. ಹಳೇ ಸಾಗುವಾನಿ ಅಂದರೆ ನನಗೂ ಆಸೆ. ಈಗಿನ ಫೈಬರ್ ಬೀಡಿಂಗ್ ಅದರ ಮುಂದೆ ಏನೇನೂ ಅಲ್ಲ.

ಎರಡು ವರ್ಷದ ಹಿಂದೆ ಹಾಗೆ ಬಂದ ಕಟ್ಟುಗಳಲ್ಲಿ ಒಂದು ಮಾದಪ್ಪನದು. ಹುಲಿ ಮೇಲೆ ಕೂತ ಮಲೆ ಮಹದೇಶ್ವರ. ಬಣ್ಣ ಮಾಸಿತ್ತು, ಗಾಜು ಸೀಳಿತ್ತು. ಹಿಂದಿನ ರಟ್ಟು ಒಂದು ಮೂಲೆಯಲ್ಲಿ ಉಬ್ಬಿತ್ತು. ಮೊಳೆ ಕೀಳಲು ಇಕ್ಕಳ ಹಾಕಿದಾಗ ನೋಡಿದೆ, ಪ್ರತಿ ಮೊಳೆಯ ಪಕ್ಕದಲ್ಲೂ ಇನ್ನೊಂದು ಹಳೇ ತೂತು. ಯಾರೋ ಒಮ್ಮೆ ಬಿಚ್ಚಿ ಮತ್ತೆ ಹೊಡೆದಿದ್ದಾರೆ. ಅದೂ ಕೈ ಪಳಗಿದವರಲ್ಲ, ಎರಡು ಮೊಳೆ ಸೊಟ್ಟಗೆ ಹೋಗಿ ಮಡಚಿಕೊಂಡಿತ್ತು. ರಟ್ಟು ಎತ್ತಿದೆ. ಹಸಿರು ರವಿಕೆ ಬಟ್ಟೆಯ ಒಂದು ತುಂಡು, ಸುತ್ತಲೂ ಕೈಹೊಲಿಗೆ. ಹೊಲಿಗೆ ಬಿಚ್ಚಿದರೆ ಒಳಗೆ ಎರಡು ಬಿಲ್ಲೆ.

ನಮ್ಮ ಹಳ್ಳಿಗಳಲ್ಲಿ ಇದಕ್ಕೆ ‘ಮಿಲ್ಟ್ರಿ ಬಿಲ್ಲೆ’ ಅಂತಲೇ ಹೆಸರು. ಪದಕ ಅಂದರೆ ಹೆಂಗಸರ ಸರಕ್ಕೆ ಇರುವುದು. ಎರಡೂ ಒಂದೇ ಆಗಿದ್ದನ್ನೂ ನಾನು ನೋಡಿದ್ದೇನೆ. ಮೈಸೂರಿನ ಒಂದು ಹಳೇ ಮನೆಗೆ ಫೋಟೋ ತೂಗುಹಾಕಲು ಹೋಗಿದ್ದೆ. ಆ ಮನೆಯ ಅಜ್ಜಿಯ ಬೆಳ್ಳಿ ಸರದಲ್ಲಿ ದೊಡ್ಡ ರೂಪಾಯಿಯಂಥ ಪದಕ. ಒಂದು ಕಡೆ ಐದನೇ ಜಾರ್ಜ್ ದೊರೆಯ ತಲೆ, ಇನ್ನೊಂದು ಕಡೆ ಕುದುರೆ ಮೇಲೆ ಬೆತ್ತಲೆ ಮನುಷ್ಯ, 1914, 1918 ಅಂತ ಇಸವಿ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಕೊಟ್ಟ ವಾರ್ ಮೆಡಲ್ ಅದು. ಸುಮಾರು 65 ಲಕ್ಷ ಬೆಳ್ಳಿ ಮೆಡಲ್ ಹೊರಡಿಸಿದ್ದರು. ಮೈಸೂರು ಮಹಾರಾಜರ ಕುದುರೆ ಪಡೆಯಾದ ಮೈಸೂರು ಲ್ಯಾನ್ಸರ್ಸ್‌ನವರು 1914ರಲ್ಲೇ ಈಜಿಪ್ಟಿಗೆ ಹಡಗು ಹತ್ತಿದವರು. 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಸೇರಿ, ಈಗ ಇಸ್ರೇಲಿನಲ್ಲಿರುವ ಹೈಫಾ ಊರು ಗೆದ್ದವರು. ಆ ಯುದ್ಧದ ಸವಾರರ ನೆನಪಿಗೆ ದೆಹಲಿಯಲ್ಲಿ ನಿಲ್ಲಿಸಿದ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ನಮ್ಮ ಮೈಸೂರಿಗೆ ಸೇರಿದ್ದು. ಅಜ್ಜಿಗೆ ಇದನ್ನೆಲ್ಲ ಹೇಳಿದೆ. ‘ನಮ್ಮ ಮಾವನವರದ್ದು ಕಣಪ್ಪ, ಕುದುರೆ ಮೇಲಿಂದ ಬಿದ್ದು ಕಾಲು ಸೊಟ್ಟಗಾಗಿತ್ತು’ ಅಂದರು, ಅಷ್ಟೇ. ಆ ಪದಕ ಉಳಿದದ್ದೇ ದೊಡ್ಡದು. 1980ರ ಹೊತ್ತಿಗೆ ಬೆಳ್ಳಿ ಬೆಲೆ ಒಮ್ಮೆಲೇ ಏರಿದಾಗ ಬ್ರಿಟನ್ನಿನಲ್ಲೇ ಇಂಥವು ರಾಶಿ ರಾಶಿ ಕರಗಿ ಹೋದವು. ಸರಕ್ಕೆ ಸೇರಿದ್ದಕ್ಕೆ ಇದು ಬದುಕಿತು.

ನನಗೆ ಸಿಕ್ಕಿದ್ದು ಬೆಳ್ಳಿಯದ್ದಲ್ಲ. ಸ್ವಾತಂತ್ರ್ಯ ಬಂದ ಮೇಲಿನ ಯುದ್ಧಗಳದ್ದು. ಒಂದು ರಕ್ಷಾ ಮೆಡಲ್, 1965ರದ್ದು. ಇನ್ನೊಂದು ಸಂಗ್ರಾಮ್ ಮೆಡಲ್, 1971ರದ್ದು. ತಾಮ್ರ ನಿಕ್ಕಲ್ ಬೆರೆಸಿದ ಲೋಹ. ಗುಜರಿ ತಕ್ಕಡಿಯಲ್ಲಿ ಟೀ ದುಡ್ಡೂ ಹುಟ್ಟಲ್ಲ.

ಈ ಶೌರ್ಯ ಪದಕದ ವಿಷಯ ಇಲ್ಲೇ ಹೇಳಿಬಿಡ್ತೀನಿ. ಶೌರ್ಯಕ್ಕೆ ಕೊಡುವುದು ಪರಮವೀರ ಚಕ್ರ, ಮಹಾವೀರ ಚಕ್ರ, ವೀರ ಚಕ್ರ, ಇಂಥವು. 1965ರಲ್ಲಿ ಯುದ್ಧ ನಡೆದ ಜಾಗದಲ್ಲಿ ಇದ್ದವರಿಗೆ ಸಮರ ಸೇವಾ ಸ್ಟಾರ್. ರಕ್ಷಾ ಮೆಡಲ್ ಆಗ ಸೇನೆಯಲ್ಲಿದ್ದ ಬಹಳಷ್ಟು ಜನಕ್ಕೆ ಸಿಕ್ಕಿದೆ. ಸಂಗ್ರಾಮ್ ಮೆಡಲ್ಲೂ ಹಾಗೇ, 1971ರ ಡಿಸೆಂಬರ್ 3ರಿಂದ ಆಚೆಗೆ ಗಡಿ ರಾಜ್ಯಗಳಲ್ಲಿ ಕೆಲಸ ಮಾಡಿದವರಿಗೆ. ಹಾಗಂತ ಇವು ಸಣ್ಣವಾ? ಹದಿನೆಂಟು ತುಂಬಿದ ಹುಡುಗ, ಮಂಡ್ಯ ಬಿಟ್ಟು ಹೊರಗೆ ಹೋಗದವನು, ಪಂಜಾಬಿನ ಚಳಿಯಲ್ಲಿ ರಾತ್ರಿಯೆಲ್ಲ ಸೇತುವೆ ಕಟ್ಟುತ್ತಾನೆ ಅಂದರೆ ಅಷ್ಟು ಸಾಲದಾ? ಅದಕ್ಕೆ ನಾವು ಇನ್ನಷ್ಟು ಬಣ್ಣ ಬಳಿಯಬೇಕಾ? ಪೇಪರಿನವರಿಗೆ ಎಲ್ಲ ಬಿಲ್ಲೆಯೂ ಶೌರ್ಯವೇ.

ಮೆಡಲ್ಲಿನ ಮುಖ ನೋಡಿದರೆ ಅದು ಯಾರದು ಅಂತ ಗೊತ್ತಾಗಲ್ಲ. ಅಂಚು ನೋಡಬೇಕು. ಒಂದು ರೂಪಾಯಿ ನಾಣ್ಯವನ್ನು ನಿಲ್ಲಿಸಿ ತಿರುಗಿಸಿದರೆ ಕಾಣುತ್ತಲ್ಲ, ಆ ಅಂಚು. ಅಲ್ಲಿ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ನಂಬರು, ಹುದ್ದೆ, ಹೆಸರು, ದಳ ಇರುತ್ತೆ. ನಾನು ನೋಟು ನೋಡುವ ಭೂತಗನ್ನಡಿ ಹಿಡಿದು ಓದಿದೆ. ಸ್ಯಾಪರ್, ಇಂಜಿನಿಯರ್ಸ್. ಸ್ಯಾಪರ್ ಅಂದರೆ ಸೇತುವೆ, ರಸ್ತೆ ಕಟ್ಟುವ ಇಂಜಿನಿಯರ್ ದಳದ ಸಿಪಾಯಿ. ಹೆಸರಿನ ಮುಂದೆ ಒಂದೇ ಇನಿಷಿಯಲ್. ಊರಿಲ್ಲ, ತಂದೆ ಹೆಸರಿಲ್ಲ. ಆ ಹೆಸರು ಹಿಡಿದು ಮಂಡ್ಯದ ಸಂತೆಯಲ್ಲಿ ಕೂಗಿದರೆ ಇಪ್ಪತ್ತು ಜನ ‘ಏನಣ್ಣ’ ಅಂತಾರೆ. ದಯವಿಟ್ಟು ಒಂದು ಮಾತು. ಮನೆಯಲ್ಲಿ ಇಂಥದ್ದು ಇದ್ದರೆ ಹುಣಸೆಹಣ್ಣು, ಬ್ರಾಸೋ ಹಾಕಿ ತಿಕ್ಕಬೇಡಿ. ಮೊದಲು ಸವೆಯುವುದೇ ಅಂಚು. ಬಜಾರಿನಲ್ಲಿ ಸಿಗುವ ಹೊಸ ನಕಲು ಮೆಡಲ್ ಎಷ್ಟೇ ಹೊಳೆದರೂ ಅದರ ಅಂಚು ಸಾಮಾನ್ಯವಾಗಿ ಖಾಲಿ. ಆ ಹೆಸರು ಹೋಯಿತು ಅಂದರೆ ನಿಮ್ಮದೂ ಅದರ ಲೆಕ್ಕಕ್ಕೇ ಬರುತ್ತೆ.

ಇನ್ನು ನನ್ನ ದಡ್ಡತನ. ಸಿಕ್ಕ ದಿನವೇ ಫೋಟೋ ಹೊಡೆದು, ಅಂಚಿನ ನಂಬರ್ ಸಮೇತ, ಏಳೆಂಟು ಗ್ರೂಪಿಗೆ ಹಾಕಿದೆ. ಮಾರನೇ ದಿನಕ್ಕೆ ಮೂವರು ಮೊಮ್ಮಕ್ಕಳು ಹುಟ್ಟಿಕೊಂಡರು! ಒಬ್ಬ ಹಾವೇರಿಯಿಂದ, ಒಬ್ಬ ಬೆಂಗಳೂರಿಂದ. ಇನ್ನೊಬ್ಬ ಮೊದಲು ಕೇಳಿದ್ದೇ ‘ಎಷ್ಟು ಗ್ರಾಂ ಬೆಳ್ಳಿ ಅಣ್ಣ?’ ಅಂತ. ತಾತನ ಹೆಸರು ಕೇಳಿದರೆ ನಾನು ಹಾಕಿದ್ದನ್ನೇ ಓದಿ ಹೇಳಿದರು. ಮೆಡಲ್ ಸಿಕ್ಕರೆ ಯಾವ ಯುದ್ಧದ್ದು ಅಂತ ಹೇಳಿ, ಹೆಸರಲ್ಲಿ ಅರ್ಧ ಹೇಳಿ, ನಂಬರ್ ಮಾತ್ರ ಬಚ್ಚಿಡಿ. ಕೇಳಿಕೊಂಡು ಬಂದವರು ಉಳಿದದ್ದನ್ನು ಹೇಳಲಿ.

ನಮ್ಮ ಬೀದಿಯ ಟೀ ಅಂಗಡಿಗೆ ನಿವೃತ್ತ ಹವಾಲ್ದಾರ್ ಒಬ್ಬರು ಬರುತ್ತಾರೆ. ನಂಬರ್ ನೋಡಿದ ತಕ್ಷಣ ‘ಇದು ನಮ್ಮ ಎಂಇಜಿ’ ಅಂದರು. ಮದ್ರಾಸ್ ಇಂಜಿನಿಯರ್ ಗ್ರೂಪ್, ಬೆಂಗಳೂರಿನ ಹಲಸೂರು ಕೆರೆ ಪಕ್ಕ ಇರುವುದು, 1780ರಲ್ಲಿ ಶುರುವಾದದ್ದು. ಒಂದೊಂದು ದಳಕ್ಕೂ ನಂಬರಿನ ಸಾಲೇ ಬೇರೆಯಂತೆ. ಪತ್ರ ಬರೆಸಿದರು. ಆದರೆ ಸೈನಿಕನ ಮನೆ ವಿಳಾಸವನ್ನು ದಾರಿಹೋಕನಿಗೆ ಯಾರೂ ಕೊಡಲ್ಲ. ಕೊಡಬಾರದು ಕೂಡ, ಆ ಮೂವರು ಮೊಮ್ಮಕ್ಕಳನ್ನು ನೋಡಿದ ಮೇಲೆ ನನಗೆ ಅರ್ಥವಾಗಿತ್ತು. ಇಲ್ಲಿನ ಒಂದು ಕಚೇರಿಗೆ ನಾಲ್ಕು ಸಲ ಅಲೆದೆ. ಒಬ್ಬರು ‘ಕದ್ದ ಮಾಲಲ್ಲ ಅಂತ ಏನು ಗ್ಯಾರಂಟಿ’ ಅಂದರು. ಬಿಟ್ಟುಬಿಡೋಣ ಅಂತಲೂ ಅನ್ನಿಸಿತ್ತು. ಪಿಂಚಣಿ ಪಟ್ಟಿಯಲ್ಲೂ ಸುಳಿವಿಲ್ಲ. ‘ಹದಿನೈದು ವರ್ಷ ತುಂಬುಸ್ದೆ ಬಂದಿರ್ಬೇಕು, ಪಿಂಚಣಿನೇ ಇರಕ್ಕಿಲ್ಲ’ ಅಂದರು ಹವಾಲ್ದಾರರು.

ಏಳು ತಿಂಗಳು ಹೀಗೇ ಕಳೆಯಿತು. ಒಂದು ದಿನ ಸುಮ್ನೆ ಆ ಹಳೇ ರಟ್ಟನ್ನು ಕೈಗೆತ್ತಿಕೊಂಡೆ. ಕಟ್ಟು ಹಾಕುವವರು ಹಿಂದೆ ಒಂದು ಸಣ್ಣ ಚೀಟಿ ಅಂಟಿಸುತ್ತೇವೆ, ಅಂಗಡಿ ಹೆಸರಿಗೆ. ಅರ್ಧ ಚೀಟಿ ಹಾಗೇ ಇತ್ತು. ಮಳವಳ್ಳಿಯ ಅಂಗಡಿ, ಮುಚ್ಚಿ ಬಹಳ ಕಾಲವಾಗಿದೆ. ಮೂವತ್ತು ವರ್ಷದಿಂದ ಇದೇ ಕೆಲಸ ಮಾಡುವ ನನಗೆ ಮೊದಲು ಕಾಣಬೇಕಿದ್ದದ್ದೇ ಕೊನೆಗೆ ಕಂಡಿತು. ಗುಜರಿಯವನನ್ನು ಹಿಡಿದು ಕೇಳಿದೆ. ‘ಮಳವಳ್ಳಿ ಕಡೆ ಐದಾರು ಊರು ಸುತ್ತೀನಿ ಅಣ್ಣ. ಮೊದ್ಲೇ ಕೇಳೋದಲ್ವಾ?’ ಅಂದ. ಬೆಂಗಳೂರಿಗೆ ಪತ್ರ ಬರೆದಿದ್ದೆ, ಪಕ್ಕದ ಬೀದಿಯವನನ್ನು ಕೇಳಿರಲಿಲ್ಲ.

ಈ ಮಧ್ಯೆ ಒಂದು ಸಂಘದವರು ಬಂದಿದ್ದರು. ಸ್ವಾತಂತ್ರ್ಯ ದಿನಕ್ಕೆ ವೇದಿಕೆ, ಕುಟುಂಬದವರನ್ನು ಕರೆಸಿ ಎಲ್ಲರ ಮುಂದೆ ಮೆಡಲ್ ಕೊಡೋಣ, ನನಗೂ ಶಾಲು, ಹಾರ, ಪೇಟ. ಸುಳ್ಳು ಯಾಕೆ ಹೇಳಲಿ, ನನಗೂ ಆಸೆಯಾಯಿತು. ಇನ್ನೊಬ್ಬರಿಗೆ ಪೇಟ ತೊಡಿಸಿದ ಫೋಟೋಗೆ ಎಷ್ಟು ಸಲ ಕಟ್ಟು ಹಾಕಿಲ್ಲ ನಾನು. ಹೂಂ ಅಂದುಬಿಟ್ಟೆ. ಹವಾಲ್ದಾರರಿಗೆ ಹೇಳಿದರೆ ಟೀ ಲೋಟ ಕೆಳಗಿಟ್ಟರು. ‘ಅವ್ರೇ ಮಾರಿದ್ರೆ? ಹೊಟ್ಟೆಗಿಲ್ದೆ ಮಾರಿದ್ರೆ? ಸ್ಟೇಜ್ ಹತ್ಸಿ ಮರ್ವಾದೆ ತೆಗೀತೀರಾ ಸ್ವಾಮಿ? ಮೊದ್ಲು ಮನೆಗೋಗಿ ಕೇಳಿ.’

ನಾನು ಇಷ್ಟೆಲ್ಲ ಬರೆಯುತ್ತಿರುವುದು ಈ ಮಾತಿಗಾಗಿ. ಮೆಡಲ್ ಮನೆ ಬಿಟ್ಟು ಹೋಗಿದೆ ಅಂದರೆ ಅದು ಸುಮ್ನೆ ಹೋಗಿರಲ್ಲ. ಯಾರೋ ಮಾರಿರುತ್ತಾರೆ, ಯಾರೋ ಕದ್ದಿರುತ್ತಾರೆ, ಪಾಲಾಗುವಾಗ ಜಗಳವಾಗಿರುತ್ತೆ. ಸೇನೆಯಿಂದ ಬಂದವನಿಗೆ ಪಿಂಚಣಿ ಇಲ್ಲ, ಮಳೆ ಇಲ್ಲ, ಮಗಳ ಮದುವೆ ಇದೆ. ಅವನು ಗೋಡೆಗೆ ನೇತುಹಾಕಿದ ಬಿಲ್ಲೆ ನೋಡಿಕೊಂಡು ಕೂರಬೇಕಿತ್ತಾ? ‘ದೇಶದ ಗೌರವ ಗುಜರಿಗೆ ಹಾಕಿದರು’ ಅಂತ ಫೇಸ್‌ಬುಕ್ಕಿನಲ್ಲಿ ಬೈಯುವುದು ಸುಲಭ. ನಾನೂ ಬೈದಿದ್ದೆ, ಮೊದಲ ವಾರ. ಯಾರದೋ ಮೆಡಲ್ ನಿಮಗೆ ಸಿಕ್ಕರೆ, ಹುಡುಕಿ, ಖಂಡಿತ ಹುಡುಕಿ. ಆದರೆ ಒಬ್ಬರೇ ಹೋಗಿ. ಮೊಬೈಲ್ ಜೇಬಲ್ಲಿರಲಿ. ‘ಇದು ನಿಮ್ಮದಾ, ನಿಮಗೆ ಬೇಕಾ’ ಅಂತ ಕೇಳಿ. ಬೇಡ ಅಂದರೆ ಅದೂ ಅವರ ಹಕ್ಕು. ಸಂಘದವರಿಗೆ ಆಗಲ್ಲ ಅಂದೆ. ಇವತ್ತಿಗೂ ಅವರು ನನ್ನ ಜೊತೆ ಸರಿಯಾಗಿ ಮಾತಾಡಲ್ಲ.

ಮೂರನೇ ಊರಿನಲ್ಲಿ ಸಿಕ್ಕಿತು. ಹೋಟೆಲಿನಲ್ಲಿ ಹೆಸರು ಹೇಳಿದರೆ ಯಾರಿಗೂ ಗೊತ್ತಿಲ್ಲ. ‘ಮಿಲ್ಟ್ರಿಗೆ ಹೋಗಿದ್ರು’ ಅಂದೆ. ‘ಓ, ಮಿಲ್ಟ್ರಿಯವರ ಮನೆ!’ ಅಂತ ಮೂರು ಜನ ಒಟ್ಟಿಗೆ ಕೈ ತೋರಿಸಿದರು. ಸೈನಿಕ ತೀರಿಕೊಂಡು ವರ್ಷಗಳಾದವು, ಹೆಂಡತಿಯೂ ಇಲ್ಲ. ಹಳೇ ಹೆಂಚಿನ ಮನೆ ಕೆಡವಿ ತಾರಸಿ ಮನೆ ಕಟ್ಟಿದ್ದಾರೆ. ಆಗಲೇ ಒಡೆದ ಫೋಟೋಗಳೆಲ್ಲ ಅರಳಿಕಟ್ಟೆಗೆ ಹೋಗಿದ್ದು. ಮನೆಯಲ್ಲಿ ಕಿರಿಯ ಮಗ, ಅರವತ್ತರ ಹತ್ತಿರದವರು. ಜಗುಲಿ ಮೇಲೆ ಕೂತು ಕೈಗೆ ಕೊಟ್ಟೆ. ಮೆಡಲ್ ಕಡೆ ಅವರು ನೋಡಲೇ ಇಲ್ಲ. ಬಟ್ಟೆಯನ್ನೇ ಬೆರಳಲ್ಲಿ ಸವರುತ್ತಾ ಕೂತರು.

‘ಇದು ನಮ್ಮವ್ವನ ಕುಪ್ಸದ ಬಟ್ಟೆ.’

ಒಳಗಿಂದ ಅವರ ಹೆಂಡತಿ ಕಾಫಿ ತಂದಿಟ್ಟರು. ಬಟ್ಟೆ ನೋಡಿ ಅಲ್ಲೇ ನಿಂತರು. ಆಮೇಲೆ ಒಂದೊಂದೇ ಮಾತು ಹೊರಬಂತು. ಹಿರಿಯ ಮಗ ಕುಡೀತಿದ್ದ. ಮನೆಯ ಹಿತ್ತಾಳೆ ಪಾತ್ರೆ ಒಂದೊಂದಾಗಿ ಹೋಗುತ್ತಿದ್ದವು. ಒಂದು ದಿನ ಅಪ್ಪನ ಬಿಲ್ಲೆಗಳೂ ಕಾಣಲಿಲ್ಲ. ಅವನೇ ಮಾರಿದ ಅಂತ ಎಲ್ಲ ಸೇರಿ ಹೊಡೆದರು. ಅವನು ಮಾದಪ್ಪನ ಮೇಲೆ ಆಣೆ ಮಾಡಿದ, ಯಾರೂ ನಂಬಲಿಲ್ಲ. ಊರು ಬಿಟ್ಟ. ಈಗ ಬೆಂಗಳೂರಿನಲ್ಲಿ ಯಾವುದೋ ಅಪಾರ್ಟ್‌ಮೆಂಟಿನಲ್ಲಿ ವಾಚ್‌ಮನ್. ಮಾತುಕತೆ ನಿಂತು ಇಪ್ಪತ್ತು ವರ್ಷದ ಮೇಲಾಯಿತು.

‘ಅವ್ವಂಗೆ ಗೊತ್ತಿತ್ತಲ್ಲ’ ಅಂದರು ಆ ಹೆಂಡತಿ. ‘ಹೊಡೀವಾಗ ಅಲ್ಲೇ ನಿಂತಿದ್ರಲ್ಲ.’

ಗಂಡ ಉತ್ತರ ಕೊಡಲಿಲ್ಲ. ಮಗ ಮುಟ್ಟದಿರಲಿ ಅಂತ ಆ ತಾಯಿ ಬಚ್ಚಿಟ್ಟರು, ಅದು ಸರಿ. ಆಮೇಲೆ ಯಾಕೆ ಹೇಳಲಿಲ್ಲ? ಹೇಳಿದರೆ ಅವನು ನಿಜವಾಗಿಯೂ ಮಾರುತ್ತಾನೆ ಅಂತಲಾ? ಇಲ್ಲ ಹೇಳುವ ಹೊತ್ತು ಮೀರಿತ್ತಾ? ನಾನು ಕಾಫಿ ಕುಡಿದು ಎದ್ದು ಬಂದೆ. ಆ ಸಂಘದ ವೇದಿಕೆ ಮೇಲೆ, ಮೈಕಿನ ಮುಂದೆ ಆ ಬಟ್ಟೆಯನ್ನು ಬಿಚ್ಚಿದ್ದಿದ್ದರೆ ಅಂತ ನೆನೆದರೆ ಈಗಲೂ ಮೈ ಜುಂ ಅನ್ನುತ್ತೆ. ಹೆಸರು, ಊರು ಬರೆಯಬೇಡಿ ಅಂದಿದ್ದಾರೆ, ಬರೆದಿಲ್ಲ. ಇಷ್ಟನ್ನು ಅವರನ್ನು ಕೇಳಿಯೇ ಬರೆದಿದ್ದೇನೆ.

ಹೋದ ತಿಂಗಳು ಆ ಕಿರಿಯ ಮಗ ಅಂಗಡಿಗೆ ಬಂದಿದ್ದರು. ಅಣ್ಣನ ವಿಷಯ ನಾನು ಕೇಳಲಿಲ್ಲ, ಅವರು ಹೇಳಲೂ ಇಲ್ಲ. ಮೆಡಲ್ಲಿಗೆ ಗಾಜಿನ ಪೆಟ್ಟಿಗೆ ಥರ ಚೆನ್ನಾಗಿ ಮಾಡಿಕೊಡ್ತೀನಿ, ದುಡ್ಡು ಬೇಡ ಅಂದೆ. ಬೇಡ ಅಂದರು. ‘ಆ ಹಳೇ ಮಾದಪ್ಪನ ಫೋಟೋ ಐತಾ?’ ಇತ್ತು. ಏನೋ ಎಸೆಯಲು ಮನಸ್ಸಾಗಿರಲಿಲ್ಲ. ಅದೇ ಸಾಗುವಾನಿ ಕಟ್ಟಿಗೆ ಹೊಸ ಗಾಜು ಕೂರಿಸಿದೆ. ರಟ್ಟು ಇಟ್ಟು ಮೊಳೆ ಹೊಡೆಯಲು ಸುತ್ತಿಗೆ ಎತ್ತಿದೆ. ಅವರು ನನ್ನ ಕೈ ಹಿಡಿದರು.

‘ಹಿಂದ್ಗಡೆ ಒಸಿ ಜಾಗ ಬುಡಿ. ಮೊಳೆ ನಾನೇ ಹೊಡ್ಕತೀನಿ.’