ಊದಬೇಡ, ಬರೀ ತಟ್ಟು!

ತಲೆ ಕೆಟ್ಟಿದೆ, ಅದಕ್ಕೇ ಬರೀತಿದೀನಿ. ಉದ್ದ ಆಗುತ್ತೆ, ಪುರುಸೊತ್ತಿದ್ದೋರು ಓದ್ಕೊಳ್ಳಿ.

ಬೆಳಿಗ್ಗೆ ಅಕ್ಕನ ಮಗಳ ಸ್ಕೂಲಲ್ಲಿ ಸೈನ್ಸ್ ಎಕ್ಸಿಬಿಷನ್ ಇತ್ತು, ಹೋಗಿದ್ದೆ. ನಾನು ಪಾಠ ಮಾಡೋದು ಬಿಟ್ರೂ ಆ ಚಟ ಬಿಟ್ಟಿಲ್ಲ ಅಂತ ನಿಮಗೆಲ್ಲ ಗೊತ್ತೇ ಇದೆ, ಟೇಬಲ್ ಕಂಡಲ್ಲೆಲ್ಲ ನಿಂತ್ಕೋತೀನಿ. ಒಂದು ಟೇಬಲ್ ಮೇಲೆ ಎಂಟು ಗಾಜಿನ ಬಾಟಲಿ, ಬಣ್ಣದ ನೀರು, ಮೊದಲನೇದ್ರಲ್ಲಿ ತಳ ಮುಚ್ಚುವಷ್ಟು, ಕೊನೇದ್ರಲ್ಲಿ ಕುತ್ತಿಗೆ ತನಕ. ಹಿಂದೆ ಚಾರ್ಟ್: "ನೀರು ಹೆಚ್ಚಾದಂತೆ ಸ್ಥಾಯಿ ಕಡಿಮೆಯಾಗುತ್ತದೆ." ಸ್ಥಾಯಿ ಅಂದ್ರೆ ಸ್ವರ ಎಷ್ಟು ಮೇಲೆ, ಎಷ್ಟು ಕೆಳಗೆ ಅನ್ನೋದು. ಒಂದು ಹುಡುಗಿ ಚಮಚದಿಂದ ಟಿಣ್ ಟಿಣ್ ಅಂತ ತಟ್ತಾ ಅದೇ ವಾಕ್ಯಾನ ಒಪ್ಪಿಸ್ತಾ ಇದ್ಳು. ಎಲ್ಲಾ ಸರಿಯಾಗೇ ಇತ್ತು.

ನಮ್ಮ ಒಂಬತ್ತು ವರ್ಷದ ಪುಟಾಣಿ ಸುಮ್ನಿರ್ತಾಳಾ, ಬಗ್ಗಿ ತುಂಬಿದ ಬಾಟಲಿ ಬಾಯಿಗೆ ತುಟಿ ತಾಗಿಸಿ ಊದಿದ್ಳು. ಕೀಂ ಅಂತು. ಆಮೇಲೆ ಖಾಲಿ ಇರೋದನ್ನ ಊದಿದ್ಳು. ಬೂಂ ಅಂತು. "ಮಿಸ್, ಇದು ಉಲ್ಟಾ ಬರ್ತಿದೆ!"

ಮಿಸ್ ಚಾರ್ಟ್ ನೋಡಿದ್ರು, ಬಾಟಲಿ ನೋಡಿದ್ರು. "ಊದಬೇಡ ಪುಟ್ಟಾ, ಬರೀ ತಟ್ಟು. ಬಾಟಲಿ ಬೀಳುತ್ತೆ."

ಅಷ್ಟೇ. ಮುಗೀತು ವಿಜ್ಞಾನ.

ಅಲ್ರೀ, ಆ ಟೇಬಲ್ ಮೇಲೆ ಇಡೀ ದಿನದಲ್ಲಿ ಆದ ಒಂದೇ ಒಂದು ಪ್ರಯೋಗ ಅದು! ಮಿಕ್ಕಿದ್ದೆಲ್ಲ ಬಾಯಿಪಾಠ, ಚಮಚ ಹಿಡ್ಕೊಂಡು ಮಾಡಿದ್ದು. ತಟ್ಟಿದಾಗ ನಡುಗೋದು ಗಾಜು, ನೀರು ಜಾಸ್ತಿ ಆದಷ್ಟೂ ಗಾಜಿಗೆ ಭಾರ, ನಿಧಾನಕ್ಕೆ ನಡುಗುತ್ತೆ, ದನಿ ದಪ್ಪ. ಊದಿದಾಗ ನಡುಗೋದು ಒಳಗಿರೋ ಗಾಳಿ, ನೀರು ಜಾಸ್ತಿ ಆದ್ರೆ ಗಾಳಿಗೆ ಜಾಗ ಕಡಿಮೆ, ಬೇಗ ಬೇಗ ನಡುಗುತ್ತೆ, ದನಿ ಸಣ್ಣ. ಅದೇ ಬಾಟಲಿ, ಅದೇ ನೀರು, ಉತ್ತರ ಮಾತ್ರ ಉಲ್ಟಾ. ಯಾಕೆ ಅಂದ್ರೆ "ಯಾವುದು ನಡುಗ್ತಿದೆ" ಅನ್ನೋದೇ ಬದಲಾಗಿದೆ. ಇದನ್ನ ಮಗು ತಾನಾಗೇ ಕಂಡುಹಿಡಿದು ತಟ್ಟೇಲಿಟ್ಟು ಕೊಟ್ರೆ ನಾವು ಹೇಳೋದು ಬಾಟಲಿ ಬೀಳುತ್ತೆ ಅಂತ!

ಗೆಲಿಲಿಯೋ 1638ರಲ್ಲಿ ಬರೆದಿಟ್ಟಿದಾನೆ, ಹಿತ್ತಾಳೆ ತಗಡಿನ ಮೇಲಿನ ಕಲೆ ತೆಗೆಯೋಕೆ ಉಳಿಯಿಂದ ಕೆರೀತಾ ಇದ್ನಂತೆ, ಆಗಾಗ ಸಿಳ್ಳೆ ಥರ ಸದ್ದು ಬರೋದಂತೆ, ಸದ್ದು ಬಂದಾಗೆಲ್ಲ ತಗಡಿನ ಮೇಲೆ ಸಮಾನ ದೂರದಲ್ಲಿ ಸಣ್ಣ ಸಣ್ಣ ಗೆರೆ. ಬೇಗ ಕೆರೆದ್ರೆ ಸ್ವರ ಮೇಲೆ, ಗೆರೆ ಹತ್ತಿರ ಹತ್ತಿರ. ಅಂದ್ರೆ ಸ್ವರ ಅನ್ನೋದು ಎಣಿಕೆ, ಒಂದು ಸೆಕೆಂಡಿಗೆ ಎಷ್ಟು ನಡುಕ ಅನ್ನೋದು. ಅವನ ಪಕ್ಕದಲ್ಲಿ "ಕೆರೀಬೇಡ, ಬರೀ ಒರೆಸು" ಅನ್ನೋ ಮಿಸ್ ಇರ್ಲಿಲ್ಲ, ಪುಣ್ಯ.

ಶಬ್ದದ ಪಾಠದಲ್ಲಿ ಉದಾಹರಣೆ ಏನು ಹೇಳಿ? ಸಿಂಹದ ಗರ್ಜನೆ, ಸೊಳ್ಳೆಯ ಗುಂಯ್. ಸರಿ, ಸಿಂಹ ತರೋಕಾಗಲ್ಲ ಒಪ್ಕೋತೀನಿ, ಸ್ಕೇಲ್ ತರೋಕೇನು ರೋಗ? 30 ಸೆಂಟಿಮೀಟರ್ ಸ್ಕೇಲನ್ನ ಮೇಜಿನ ಅಂಚಲ್ಲಿ ಒತ್ತಿ ಹಿಡ್ಕೊಂಡು ತುದಿ ಮೀಟಿ. ಉದ್ದ ಹೊರಗಿದ್ರೆ ತೊನೆದಾಡೋದು ಕಣ್ಣಿಗೆ ಕಾಣುತ್ತೆ, ಸ್ವರ ಅಂತ ಏನೂ ಕೇಳಲ್ಲ. ಸ್ವಲ್ಪ ಸ್ವಲ್ಪವೇ ಒಳಗೆ ಎಳೀತಾ ಮೀಟ್ತಾ ಹೋಗಿ, ಒಂದು ಹಂತದಲ್ಲಿ ತುದಿ ಮಸುಕಾಗಿ ಡರ್ರ್ ಅಂತ ದನಿ ಹುಟ್ಟುತ್ತೆ. ನಮ್ಮ ಕಿವಿ ಸುಮಾರು 20 ಹರ್ಟ್ಸ್‌ನಿಂದ, ಅಂದ್ರೆ ಸೆಕೆಂಡಿಗೆ 20 ನಡುಕದಿಂದ ಶುರು ಅಂತ ಬೋರ್ಡ್ ಮೇಲೆ ಬರೀತೀವಲ್ಲ, ಆ 20 ಅಂದ್ರೆ ಏನು ಅಂತ ಬೆರಳಿಗೆ ಗೊತ್ತಾಗೋ ಜಾಗ ಅದು. ಇನ್ನೊಂದು, ಮೆಲ್ಲಗೆ ಮೀಟಿ, ಜೋರಾಗಿ ಮೀಟಿ, ಸ್ವರ ಬದಲಾಗಲ್ಲ, ಸದ್ದು ಮಾತ್ರ ಹೆಚ್ಚುಕಡಿಮೆ. ನಮ್ಮ ಭಾಷೇಲಿ "ದನಿ ಏರಿಸಬೇಡ" ಅಂದ್ರೆ ಕಿರುಚಬೇಡ ಅಂತ ತಾನೇ, ಹಾಗಾಗಿ ಮಕ್ಕಳು ಸ್ವರ ಏರಿದ್ರೂ "ಜೋರಾಯ್ತು" ಅಂತಾರೆ. ಅದನ್ನ ಎಷ್ಟು ಸಲ ಡೆಫಿನಿಷನ್ ಬರೆಸಿದ್ರೂ ಬಿಡಿಸೋಕಾಗಲ್ಲ, ಸ್ಕೇಲ್ ಎರಡು ನಿಮಿಷದಲ್ಲಿ ಬಿಡಿಸುತ್ತೆ.

ಈಗ ಬರ್ತೀರಿ ನೋಡಿ ಕಾಮೆಂಟಲ್ಲಿ, "ನಲವತ್ತು ಮಕ್ಕಳ ಕೈಗೆ ಸ್ಕೇಲ್ ಕೊಟ್ಟು ನೋಡಿ ಮೇಡಂ, ಪೋರ್ಷನ್ ಯಾರು ಮುಗಿಸ್ತಾರೆ, ಪಕ್ಕದ ಕ್ಲಾಸ್‌ನೋರು ಬೈತಾರೆ" ಅಂತ. ಗೊತ್ತು ಮಾರಾಯ್ರೆ, ಆ ತಲೆನೋವು ನಾನೂ ತಿಂದಿದೀನಿ. ಆದ್ರೆ ಶಬ್ದದ ಪಾಠಾನ "ಸೈಲೆನ್ಸ್!" ಅಂತ ಕೂಗಿ ಶುರು ಮಾಡೋದು ಈಜು ಕಲಿಸೋಕೆ ಕೊಳದ ನೀರು ಖಾಲಿ ಮಾಡಿದ ಹಾಗೆ. ಪಕ್ಕದ ಕ್ಲಾಸ್‌ನೋರು ಒಂದು ದಿನ ಬೈಲಿ ಬಿಡಿ.

ಇಷ್ಟು ಹಾರಾಡ್ತಿದೀನಲ್ಲ, ನನ್ನ ಕಥೆ ಕೇಳಿ. ನಮ್ಮ ಸ್ಕೂಲಿನ ಶ್ರುತಿಕವೆ (ತಟ್ಟಿದ್ರೆ ಒಂದೇ ಸ್ವರ ಕೊಡೋ ಕವಲು ಕಡ್ಡಿ, ಟ್ಯೂನಿಂಗ್ ಫೋರ್ಕ್) ಬೀರುವಿನಿಂದ ಹೊರಗೆ ಬರ್ತಿದ್ದಿದ್ದು ಇನ್‌ಸ್ಪೆಕ್ಷನ್ ದಿನ ಮಾತ್ರ, ಬೀಗದ ಕೈ ನನ್ನತ್ರಾನೇ. ಇನ್ನೊಂದಿದೆ, ಇವತ್ತು ಆ ಬೂಂ ಕೇಳಿದಾಗ ನೆನಪಾಗಿದ್ದು. ಟೆಸ್ಟಲ್ಲಿ ಒಬ್ಬ ಹುಡುಗ "ಬಾಟಲಿಯಲ್ಲಿ ನೀರು ಹೆಚ್ಚಾದರೆ ಸ್ಥಾಯಿ ಹೆಚ್ಚುತ್ತದೆ" ಅಂತ ಬರೆದಿದ್ದ, ಕೆಂಪು ಇಂಕಲ್ಲಿ ಉದ್ದಕ್ಕೆ ಗೀಟೆಳೆದಿದ್ದೆ. ಪ್ರಶ್ನೆಪತ್ರಿಕೆ ಮಾಡಿದವಳು ನಾನೇ, ತಟ್ಟಿದಾಗ್ಲೋ ಊದಿದಾಗ್ಲೋ ಅಂತ ಕೇಳಿರ್ಲೇ ಇಲ್ಲ. ಅವನು ಪೇಪರ್ ವಾಪಸ್ ತಂದು ಮೇಜಿನ ಹತ್ರ ಸ್ವಲ್ಪ ಹೊತ್ತು ನಿಂತಿದ್ದ, "ಏನೋ?" ಅಂದೆ, "ಏನಿಲ್ಲ ಮಿಸ್" ಅಂತ ಹೋಗಿಬಿಟ್ಟ. ಈಗೆಲ್ಲಿದಾನೋ.

ಸಾಯಂಕಾಲ ಮನೇಲಿ ನಮ್ಮ ಪುಟಾಣೀನ ಕೂರಿಸ್ಕೊಂಡು ಸ್ಟ್ರಾ ಪೀಪಿ ಮಾಡ್ದೆ. ಸ್ಟ್ರಾ ತುದಿ ಚಪ್ಪಟೆ ಮಾಡಿ ಎರಡೂ ಮೂಲೆ ಓರೆಯಾಗಿ ಕತ್ತರಿಸಿ ಚೂಪು ಮಾಡೋದು, ತುಟಿ ಒಳಗಿಟ್ಟು ಊದೋದು. ಹತ್ತು ಸಲ ಪುಸ್ ಪುಸ್ ಅಂತ ಗಾಳಿ, ಉಗುಳು, ನಗು. ಹನ್ನೊಂದನೇ ಸಲ ಪೇಂ! ತುಟಿಯೆಲ್ಲ ಕಚಗುಳಿ ಅಂತ ಉಜ್ಕೊಂಡ್ಳು. ಅವಳು ಊದ್ತಿದ್ದ ಹಾಗೇ ನಾನು ಆ ಕಡೆ ತುದಿಯಿಂದ ಕತ್ತರಿ ಹಾಕ್ತಾ ಬಂದೆ, ಒಂದೊಂದು ಕಚಕ್‌ಗೂ ಸ್ವರ ಒಂದೊಂದು ಮೆಟ್ಟಿಲು ಮೇಲೆ, ಕೊನೆಗೆ ಕತ್ತರಿ ಮೂಗಿನ ಹತ್ರ ಬಂದಾಗ ಸೊಳ್ಳೆ ಥರ ಆಯ್ತು. ಅಕ್ಕ ರೂಮಿನಿಂದ ಕೂಗಿದ್ಳು, ನಾವಿಬ್ರೂ ಕೇಳಿಸ್ಕೊಂಡಿಲ್ಲ.

ಆಮೇಲೆ ಮೋಟು ಸ್ಟ್ರಾ ತಿರುಗಿಸಿ ತಿರುಗಿಸಿ ನೋಡಿ ಕೇಳಿದ್ಳು, "ಚಿಕ್ಕಮ್ಮ, ಇದರ ಮೇಲೆ ಇನ್ನೊಂದು ದಪ್ಪ ಸ್ಟ್ರಾ ಸಿಕ್ಕಿಸಿ ಹಿಂದೆ ಮುಂದೆ ಎಳೆದ್ರೆ ದಪ್ಪ ದನಿ ವಾಪಸ್ ಬರುತ್ತಾ?"

ಮನೇಲಿ ದಪ್ಪ ಸ್ಟ್ರಾ ಇರ್ಲಿಲ್ಲ. ಪೇಪರ್ ಸುತ್ತಿ ಗೋಂದು ಹಚ್ಚಿದೀವಿ, ಒಣಗಲಿ ಅಂತ ಕಾಯ್ತಿದೀವಿ.