ಬೀಗವಿಲ್ಲದ ಕಾರ್ಖಾನೆ

"ಟಿಕೆಟ್ ತಗೊಂಡ್ಯೇನೋ?" ಅಂತ ಅಮ್ಮ ಎರಡು ಸಲ ಕೇಳಿದಳು. ಜರ್ಮನಿಯ ಡೂಯಿಸ್‌ಬುರ್ಗ್‌ನಲ್ಲಿ, ಹಳೇ ಕಬ್ಬಿಣದ ಕಾರ್ಖಾನೆಯ ಊದುಕುಲುಮೆ ಕೆಳಗೆ ನಿಂತಿದ್ದೆವು. ಟಿಕೆಟ್ಟೂ ಇಲ್ಲ, ಬೀಗವೂ ಇಲ್ಲ, ರಾತ್ರಿ ಬಂದರೂ ಕೇಳುವವರಿಲ್ಲ ಅಂದೆ. ಕಳಸದಲ್ಲೇ ಇದ್ದೂ ಕುದುರೆಮುಖದ ಕಬ್ಬಿಣದ ಅದಿರಿನ ಗಣಿಯನ್ನು ಬಸ್ಸಿನ ಕಿಟಕಿಯಿಂದ ಮಾತ್ರ ಕಂಡವಳಿಗೆ ನಂಬಿಕೆಯೇ ಬರಲಿಲ್ಲ.

ಇಲ್ಲಿ ಕುಲುಮೆ ಆರಿದ್ದು 1985ರಲ್ಲಿ. ಕೆಡವುವುದು ಬೇಡ ಅಂತ ಊರವರು ಹಟ ಹಿಡಿದರು. ಭೂದೃಶ್ಯ ವಿನ್ಯಾಸಕ ಪೀಟರ್ ಲಾಟ್ಸ್ ಅವರ ವಿನ್ಯಾಸದಂತೆ ಸುಮಾರು 180 ಹೆಕ್ಟೇರ್ ಜಾಗ 1994ರಲ್ಲಿ ಉದ್ಯಾನವಾಗಿ ತೆರೆಯಿತು. ಅದಿರಿನ ಬಂಕರುಗಳಲ್ಲಿ ಈಗ ತೋಟ. ಎಮ್ಶರ್ ಅನ್ನುವ ಹೊಳೆ ಬರೀ ಚರಂಡಿಯಾಗಿತ್ತು; ಕೊಳಚೆಯನ್ನು ನೆಲದಡಿಯ ಕೊಳವೆಗೆ ಹಾಕಿ, ಮೇಲೆ ಮಳೆನೀರು ಹರಿಸಿದ್ದಾರೆ.

ನನ್ನನ್ನು ಹಿಡಿದು ನಿಲ್ಲಿಸುವುದು ಮಾತ್ರ ರೈಲು ಹಳಿಗಳ ನಡುವೆ ಎದ್ದ ಬರ್ಚ್ ಮರಗಳು. ಅಮ್ಮ ಒಂದರ ತೊಗಟೆಯನ್ನು ಉಗುರಿನಿಂದ ಕೆರೆದಳು. ಬಿಳಿ ಕಾಗದದ ಹಾಗೆ ಸುರುಳಿ ಎದ್ದುಬಂತು. "ಯಾರು ನೆಟ್ಟಿದ್ದು?" ಯಾರೂ ಅಲ್ಲ, ಗಾಳಿಗೆ ಬಂದ ಬೀಜ. ವಿಷವಿದ್ದ ಮಣ್ಣನ್ನು ಮುಚ್ಚಿದರು, ಉಳಿದ ಕಡೆ ತಾನಾಗಿ ಬಂದ ಗಿಡಗಳನ್ನೂ ಬೆಳೆಯಲು ಬಿಟ್ಟರು.

ನಮ್ಮಲ್ಲಿ ಬೋಳು ನೆಲ ಕಂಡರೆ ಸಾಕು, ಅಕೇಶಿಯಾ ನೆಡುತ್ತಾ ಬಂದೆವು. ಅದರ ದರಗಿನಡಿ ಹುಲ್ಲು ಏಳುವುದೇ ಕಷ್ಟ. ಶೋಲೆ, ಅಂದರೆ ಬೆಟ್ಟದ ಕಣಿವೆಗಳ ಕಾಡು, ಅದರ ಪಕ್ಕದ ಹುಲ್ಲುಗಾವಲನ್ನು ಖಾಲಿ ಜಾಗ ಅಂದುಕೊಂಡ ಜನ ನಾವು. ನನಗೆ ಸಿಟ್ಟು ಬರುವುದು ಇದಕ್ಕೇ. ಕುದುರೆಮುಖದ ಗಣಿ 2005ರ ಕೊನೆಗೇ ನಿಂತಿದೆ, ಅದಿರು ತೆಗೆದು ಉಳಿದ ಹೂಳು ಲಖ್ಯಾ ಅಣೆಕಟ್ಟೆಯ ಹಿಂದೆ ಕೂತಿದೆ. ಅಲ್ಲಿ ಏನು ನಡೆಯಿತು ಅಂತ ನಮ್ಮ ಮಕ್ಕಳು ನಡೆದು ನೋಡಲು ಒಂದು ಕಾಲುದಾರಿಯಾದರೂ ಬೇಡವೇ?

"ಸಿಂಗಳೀಕ ಇರೋ ಕಡೆ ಇಷ್ಟು ಜನ ನುಗ್ಗಿದ್ರೆ ಆಗುತ್ತೇನೋ?" ಅಂದಳು ಅಮ್ಮ. ಇಲ್ಲಿ ಸುತ್ತ ಊರು, ಅಲ್ಲಿ ಸುತ್ತ ಕಾಡು. ಬೇಲಿ ಇರಲಿ, ಒಪ್ಪುತ್ತೇನೆ. ಇನ್ನೊಂದನ್ನೂ ಹೇಳಬೇಕು: ಇಲ್ಲಿ ಕುಲುಮೆ ಆರಿದ್ದು ಉಕ್ಕಿನ ಬೇಡಿಕೆ ಕುಸಿದದ್ದಕ್ಕೆ, ಹೊಳೆಯ ಮೇಲಿನ ಕನಿಕರಕ್ಕಲ್ಲ. ನಮ್ಮವರು ಭದ್ರಾ ಹೊಳೆಗೋಸ್ಕರ ಬೀದಿಗಿಳಿದು, ಸುಪ್ರೀಂ ಕೋರ್ಟಿನವರೆಗೂ ಹೋಗಿ ಗಣಿ ನಿಲ್ಲಿಸಿದರು.

ವಾಪಸ್ ಬರುವಾಗ ಟ್ರಾಮಿನಲ್ಲಿ ಅಮ್ಮ ಅಂದಳು: "ಆಗೆಲ್ಲ ಮಳೆ ಬಿದ್ರೆ ಭದ್ರೆ ಕೆಂಪಗೆ ಬರ್ತಿತ್ತು, ಬಟ್ಟೆ ಒಗೆಯೋ ಹಾಗಿರಲಿಲ್ಲ. ಈಗ ಬೇಸಿಗೇಲಿ ಇಳಿದ್ರೆ ಕಾಲ್ಬೆರಳು ಕಾಣುತ್ತೆ."