ಮನೆಯ ಪೆಟ್ಟಿಗೆಯಲ್ಲಿರುವ ಇತಿಹಾಸ ತರಗತಿಗೆ ಬರಬೇಕೇ?

(ಗಡಿ, ವಲಸೆ, ಅನ್ಯಾಯಗಳ ಚರಿತ್ರೆಯನ್ನು ಕಾಸರಗೋಡಿನ ಮಕ್ಕಳು ತಮ್ಮ ಮನೆಯವರನ್ನೇ ಕೇಳಿ ಕಲಿಯಬೇಕೇ? ಇಬ್ಬರು ಉತ್ತರಿಸಿದ್ದಾರೆ.)

ಪರ

ಕನ್ನಡ ಮಾಧ್ಯಮದ ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ಸಮಾಜವಿಜ್ಞಾನ ಕಲಿಸಿ ನಿವೃತ್ತನಾದ ನನಗೆ ಈ ಪ್ರಶ್ನೆಗೆ ಎರಡನೆಯ ಉತ್ತರವೊಂದು ಇರಬಹುದೆಂದು ಎಂದೂ ಅನಿಸಿಲ್ಲ. ಮನೆಯಲ್ಲಿರುವ ಹಳೆಯ ಕಾಗದಪತ್ರಗಳಲ್ಲಿ ಊರಿನ ವಿಳಾಸವನ್ನು ಹೇಗೆ ಬರೆದಿದ್ದಾರೆಂದು ನೋಡಿಕೊಂಡು ಬನ್ನಿ ಎಂದು ಒಂದು ವರ್ಷ ಒಂಬತ್ತನೆಯ ತರಗತಿಯವರಿಗೆ ಹೇಳಿದ್ದೆ. ಬದಿಯಡ್ಕ ಕಡೆಯ ಹುಡುಗಿಯೊಬ್ಬಳು ಮೂರು ಕಾಗದಗಳ ನಕಲು ತಂದಳು. ಅಜ್ಜನ ಜಾಗದ ದಸ್ತಾವೇಜಿನಲ್ಲಿ ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆ, ಅಪ್ಪನ ಶಾಲಾ ಸರ್ಟಿಫಿಕೇಟಿನಲ್ಲಿ ಕೇರಳದ ಕಣ್ಣೂರು ಜಿಲ್ಲೆ, ಅವಳದೇ ಜನನಪತ್ರದಲ್ಲಿ ಕಾಸರಗೋಡು ಜಿಲ್ಲೆ. ಮನೆ ಅದೇ, ಬಾವಿ ಅದೇ. "ನಾವು ಎಲ್ಲಿಗೂ ಹೋಗಲಿಲ್ಲವಲ್ಲ ಮಾಷ್ಟ್ರೇ, ಮತ್ತೆ ಜಿಲ್ಲೆ ಹೇಗೆ ಬದಲಾಯಿತು?" ಎಂದು ಅವಳು ಕೇಳಿದಳು.

ಆ ಒಂದು ಪ್ರಶ್ನೆಯನ್ನು ಹಿಡಿದು ನಾನು ಎರಡು ವಾರ ಪಾಠ ಮಾಡಿದೆ. 1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿದ್ದು, 1967ರಲ್ಲಿ ಗಡಿ ವಿವಾದಕ್ಕೆಂದು ಕೇಂದ್ರ ಸರಕಾರ ನೇಮಿಸಿದ್ದ ಮಹಾಜನ ಆಯೋಗವು ಚಂದ್ರಗಿರಿ ಹೊಳೆಯ ಉತ್ತರ ಭಾಗವನ್ನು ಮೈಸೂರು ರಾಜ್ಯಕ್ಕೆ (ಇಂದಿನ ಕರ್ನಾಟಕಕ್ಕೆ) ಕೊಡಬೇಕೆಂದು ಹೇಳಿದ್ದು, ಅದು ಜಾರಿಗೆ ಬಾರದೇ ಹೋದದ್ದು, 1984ರಲ್ಲಿ ಪ್ರತ್ಯೇಕ ಜಿಲ್ಲೆಯಾದದ್ದು, ಇವೆಲ್ಲವೂ ಬಾಯಿಪಾಠದ ಇಸವಿಗಳಾಗದೆ ಅವರ ಮನೆಯ ಮಾತಾದವು. ಶಾಲೆಯಲ್ಲಿ ಕೇರಳ ಪಿರವಿ, ಅಂದರೆ ಕೇರಳ ರಾಜ್ಯ ಹುಟ್ಟಿದ ದಿನ, ಆಚರಿಸುವ ದಿನವೇ ಮಂಗಳೂರಿನ ಮಾವನ ಮನೆಯಲ್ಲಿ ರಾಜ್ಯೋತ್ಸವ ಏಕೆಂಬುದೂ ಅವರಿಗೆ ತಿಳಿಯಿತು.

ನಮಗಾದ ಅನ್ಯಾಯವನ್ನಷ್ಟೇ ಹೇಳಿಕೊಳ್ಳಲು ಇದೊಂದು ದಾರಿ ಎಂದು ಯಾರೂ ತಿಳಿಯಬಾರದು. 1943ರಲ್ಲಿ ತಿರುವಾಂಕೂರು ಕಡೆಯಿಂದ ರಾಜಪುರದ ಕಾಡಿಗೆ ಬಂದು ನೆಲೆಸಿದ ಕ್ರೈಸ್ತ ಕುಟುಂಬಗಳ ಮಕ್ಕಳಿಗೂ, ಕೊಲ್ಲಿ ದೇಶದಲ್ಲಿ ಅಪ್ಪನಿರುವ ಮಕ್ಕಳಿಗೂ, ಕೆಂಪುಕಲ್ಲಿನ ಕೋರೆಗೆ ದುಡಿಯಲು ಬಂದವರ ಮಕ್ಕಳಿಗೂ ಹೇಳುವುದಿದೆ. ಎಣ್ಮಕಜೆ ಗ್ರಾಮದ ಮಗುವಿಗೆ ಎಂಡೋಸಲ್ಫಾನ್ ಎಂಬ ಕೀಟನಾಶಕ ಬರೀ ಪುಸ್ತಕದ ಪದವಲ್ಲ; ಸರಕಾರಿ ನಿಗಮದ ಗೇರುತೋಟದ ಮೇಲೆ ಹೆಲಿಕಾಪ್ಟರಿನಿಂದ ಸುರಿದ ವಿಷ ಅದರ ಅಕ್ಕನನ್ನು ಹಾಸಿಗೆಯಲ್ಲಿ ಮಲಗಿಸಿರಬಹುದು. ಮಕ್ಕಳ ಮನಸ್ಸು ನೋಯುತ್ತದೆ ಎನ್ನುವವರಿಗೆ ವಾಸ್ತವವಾಗಿ ನೋಯುವುದು ಅಂಕಪಟ್ಟಿಯ ಚಿಂತೆ. ಅವರ ಮಾತನ್ನು ಕೇಳಿದ್ದರೆ ನಾನು ಮೂವತ್ತು ವರ್ಷವೂ ಪಾಣಿಪತ ಯುದ್ಧಗಳನ್ನೇ ಬರೆಸುತ್ತಿದ್ದೆ.

ವಿರೋಧ

ವಿರೋಧದ ಪಾಲು ನನಗೆ ಬಂದದ್ದು ಇನ್ನೊಬ್ಬರು ಒಲ್ಲೆ ಎಂದುದರಿಂದ. ದಸ್ತಾವೇಜು ಬರೆದು ಬದುಕುವ ನನಗೆ ಹಳೆಯ ಕಾಗದಗಳ ಮೇಲೆ ದ್ವೇಷವೇನೂ ಇಲ್ಲ. ಆದರೂ ಒಪ್ಪಿಕೊಂಡ ಮೇಲೆ ಹೇಳಬೇಕಾದುದನ್ನು ಹೇಳುತ್ತೇನೆ. ಹತ್ತನೆಯ ತರಗತಿಗೆ ಪಬ್ಲಿಕ್ ಪರೀಕ್ಷೆಯಿದೆ, ಪಾಠ ಮುಗಿಸಲು ಸಮಯ ಸಾಲದು, ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಅಧ್ಯಾಪಕರು ಬರುವ ಊರಿನಲ್ಲಿ ಸಂಶೋಧನೆಯ ಮಾತು ಆಮೇಲಿನದು. ಮಕ್ಕಳನ್ನು ಮನೆಮನೆಗೆ ಕಳುಹಿಸಿ ಪೆಟ್ಟಿಗೆ ತೆಗೆಸುವುದು ವಿದ್ಯೆಯೋ ವಿಜಿಲೆನ್ಸ್ ದಾಳಿಯೋ ನನಗೆ ಗೊತ್ತಾಗುವುದಿಲ್ಲ.

ಈ ಕಾರಣಗಳು ಹಾಗಿರಲಿ. ನಾನು ಎಂಟನೆಯ ತರಗತಿಯಲ್ಲಿದ್ದಾಗ ನಮ್ಮ ಅಧ್ಯಾಪಕರೊಬ್ಬರು ಭೂಸುಧಾರಣೆಯ ಪಾಠವನ್ನು ಜೀವಂತಗೊಳಿಸಲು ಹೊರಟರು. 1970ರ ಜನವರಿ 1ರಿಂದ ಕೇರಳದಲ್ಲಿ ಗೇಣಿ ಪದ್ಧತಿ ರದ್ದಾಯಿತಲ್ಲ, ಆಗ ಯಾರ ಮನೆಯವರಿಗೆ ಜಾಗ ಸಿಕ್ಕಿತು, ಕೈಯೆತ್ತಿ ಎಂದರು. ನಾನು ಹೆಮ್ಮೆಯಿಂದಲೇ ಕೈಯೆತ್ತಿದೆ. ನನ್ನ ಅಜ್ಜ ಚಾಲಗೇಣಿ ಒಕ್ಕಲು, ಅಂದರೆ ಧಣಿ ಬೇಕೆಂದಾಗ ಬಿಡಿಸಬಹುದಾದ ಗೇಣಿದಾರ; ವರ್ಷಕ್ಕೆ ಹದಿನೆಂಟು ಮುಡಿ (ಬೈಹುಲ್ಲಿನಲ್ಲಿ ಕಟ್ಟಿದ ಮೂಟೆ) ಅಕ್ಕಿ ಗೇಣಿ ಅಳೆಯುತ್ತಿದ್ದವರು. ಯಾರ ಮನೆಯದು ಹೋಯಿತು ಎಂದು ಅವರು ಮುಂದೆ ಕೇಳಿದಾಗ ನನ್ನ ಪಕ್ಕದಲ್ಲೇ ಕುಳಿತಿದ್ದ ಗೆಳೆಯ ತಲೆತಗ್ಗಿಸಿದ. ಅವನ ಅಜ್ಜನೇ ನಮ್ಮ ಧಣಿ. ಆ ಮನೆಯಲ್ಲಿ ಆಗ ಉಳಿದದ್ದು ಒಂದು ಚಾವಡಿ ಮತ್ತು ಅರ್ಧ ಎಕ್ರೆ ಕಂಗು. ತರಗತಿಯಲ್ಲಿ ಯಾರೋ ನಕ್ಕರು. ಅಂದಿನವರೆಗೆ ನಮ್ಮ ಅಂಗಳ ಹಾದು ಶಾಲೆಗೆ ಬರುತ್ತಿದ್ದವನು ಮರುದಿನದಿಂದ ಗದ್ದೆಯ ಹುಣಿಯಲ್ಲಿ ಸುತ್ತಿ ಬರತೊಡಗಿದ.

ನ್ಯಾಯ ನನ್ನ ಅಜ್ಜನ ಕಡೆಗಿತ್ತೆಂಬುದರಲ್ಲಿ ನನಗೆ ಇಂದಿಗೂ ಸಂಶಯವಿಲ್ಲ. ಆದರೆ ಹದಿಮೂರು ವರ್ಷದ ಹುಡುಗನಿಗೆ ಅದನ್ನು ನಲವತ್ತು ಮಂದಿಯ ಎದುರು ಹೇಳಬೇಕಿತ್ತೇ? ನನ್ನ ತರಗತಿಯಲ್ಲಿ, ಅಸ್ಪೃಶ್ಯತೆಯ ಅವಮಾನ ಉಂಡ ಕೊರಗ ಬುಡಕಟ್ಟಿನ ಹುಡುಗಿಯೂ ಒಬ್ಬಳಿದ್ದಳು. ಅವಳನ್ನು ಯಾರೂ ಏನೂ ಕೇಳಲಿಲ್ಲ, ಅದು ಅವಳ ಅದೃಷ್ಟವೆಂದೇ ನಾನು ತಿಳಿದಿದ್ದೇನೆ, ಅದು ಸರಿಯೋ ತಪ್ಪೋ.

ಅಜ್ಜನ ಗೇಣಿಚೀಟು ನನ್ನ ಕಪಾಟಿನಲ್ಲಿದೆ. ಮಗಳು ಕೇಳಿದ್ದಾಳೆ. ಮನೆಯಲ್ಲಿ ಕೂತು ಓದಿ ಹೇಳಿದ್ದೇನೆ, ಧಣಿಗಳ ಮನೆಯ ಹೆಸರು ಬರುವ ಸಾಲಿನ ಮೇಲೆ ಬೆರಳಿಟ್ಟು.